ಎಪ್ಪತ್ತು ಜನರ ಆಮೆನ್

ಹೋದ ವರ್ಷ ಬೇಸಿಗೆಯಲ್ಲಿ ನಮ್ಮ ಸಭೆಯಲ್ಲಿ, ಅಂದ್ರೆ ನಮ್ಮ ಚರ್ಚಿನಲ್ಲಿ, ಮೂರು ಭಾನುವಾರ ಒಬ್ಬ ಆಯಿಯ ಹೆಸರು ಓದಿದರು. ಜ್ವರ ಬಂದು ಮಲಗಿದ್ದಾರೆ, ಅವರಿಗಾಗಿ ಪ್ರಾರ್ಥಿಸೋಣ ಅಂತ. ಮೂರೂ ಸಲ ಸುಮಾರು 70 ಜನ ಒಟ್ಟಿಗೆ ಆಮೆನ್ ಅಂದೆವು. ನಾನೂ ಅಂದೆ. ಸ್ವಲ್ಪ ಜೋರಾಗಿಯೇ ಅಂದೆ, ಯಾಕಂದ್ರೆ ನಾನು ಕೂರೋದು ಎರಡನೇ ಬೆಂಚಿನಲ್ಲಿ, ಅಲ್ಲಿ ಕೂತು ಮೆಲ್ಲಗೆ ಅಂದರೆ ಹಿಂದಿನವರಿಗೆ ಗೊತ್ತಾಗಿಬಿಡುತ್ತೆ.

ನಾಲ್ಕನೇ ವಾರ ಅವರ ಮನೆಗೆ ಹೋದೆ. ಪ್ರಾರ್ಥನೆ ಮಾಡ್ತಾ ಮಾಡ್ತಾ ಮನಸ್ಸು ಕರಗಿ ಹೋದೆ ಅಂತ ಬರೆದರೆ ಓದೋಕೆ ಚೆಂದ. ನಿಜ ಏನಂದ್ರೆ ತಂಗಿ ಮಗಳ ಮದುವೆ ಇತ್ತು, ಕಾರ್ಡು ಹಂಚೋಕೆ ಹೊರಟಿದ್ದೆ. ಹಳೆ ಬಾಗಲಕೋಟೆಯಲ್ಲಿ ಕೊಡಬೇಕಾದ 11 ಮನೆಗಳಲ್ಲಿ ಆಯಿಯ ಮನೆ ಒಂಬತ್ತನೆಯದು.

ಬಾಗಿಲು ಅರ್ಧ ತೆರೆದಿತ್ತು. ಆಯಿ ಹೊರಸಿನ ಮೇಲೆ ಗೋಡೆ ಕಡೆ ಮುಖ ಮಾಡಿ ಮಲಗಿದ್ದರು. ಯಾವಾಗಲೂ ಎಣ್ಣೆ ಹಚ್ಚಿ ತಿದ್ದಿ ತುರುಬು ಕಟ್ಟುವ ಹೆಂಗಸು, ಕೂದಲು ಬಿಚ್ಚಿ ದಿಂಬಿನ ಮೇಲೆ ಹರಡಿತ್ತು. ಕಾಲ ಹತ್ತಿರ ಒಂದು ಸ್ಟೀಲ್ ಡಬ್ಬಿ, ಅದರಲ್ಲಿ ಅರ್ಧ ಉಳಿದ ನುಚ್ಚು ಮಜ್ಜಿಗೆ.

"ಆಯಿ, ಆರಾಮ ಅದೀರಿ?" ಅಂದೆ. ಎಂಥ ಪ್ರಶ್ನೆ ನೋಡಿ.

"ಬಾ ಯಪ್ಪಾ. ಮೂರು ವಾರ ನನ್ನ ಹೆಸರ ಓದ್ಯಾರಂತಲ್ಲ? ಮಗ ಫೋನ್ ಮಾಡಿ ಹೇಳಿದ. ಬಾಳ ಚಲೋ ಆತು."

ಅವರ ಮಗ ಗೋವಾದಲ್ಲಿ ಕಟ್ಟಡದ ಕೆಲಸದಲ್ಲಿದ್ದಾನೆ. ಸಭೆಯ ವಾಟ್ಸಾಪ್ ಗ್ರೂಪಿನಲ್ಲಿ ಪ್ರಾರ್ಥನೆ ವಿಷಯ ನೋಡಿ, ಕೈ ಮುಗಿಯುವ ಚಿತ್ರ ಹಾಕಿ, ಅವ್ವನಿಗೆ ಫೋನ್ ಮಾಡಿದ್ದ. ಅಂದ್ರೆ ಸುದ್ದಿ ಗೋವಾಕ್ಕೆ ಹೋಗಿ ವಾಪಸ್ ಬಂದಿತ್ತು. ಊರಿನ ಹೊಸ ಭಾಗವಾದ ನವನಗರದಿಂದ ಹಳೆ ಊರಿಗೆ ಮಾತ್ರ ಬಂದಿರಲಿಲ್ಲ. ಆಯಿ ಆ ಮಾತನ್ನು ಚುಚ್ಚೋಕೆ ಅಂದರೋ, ನಿಜವಾಗಿ ಸಂತೋಷಪಟ್ಟು ಅಂದರೋ ನನಗೆ ಇವತ್ತಿಗೂ ಗೊತ್ತಾಗಿಲ್ಲ. ಕೇಳುವ ಧೈರ್ಯವೂ ಆಗಿಲ್ಲ.

ನುಚ್ಚು ತಂದು ಕೊಡುತ್ತಿದ್ದವರು ಪಕ್ಕದ ಮನೆಯ ಮುಸ್ಲಿಂ ಅಕ್ಕ. ನನ್ನ ದನಿ ಕೇಳಿ ಅವರೇ ಬಂದರು. ತಲೆ ಮೇಲೆ ಸೆರಗು, ಕೈಯಲ್ಲಿ ಹಿಟ್ಟು. "ನೀವು ಚರ್ಚಿನವರೇನ್ರಿ? ಬಂದ್ರಿ, ಬಾಳ ಚಲೋ ಆತು. ಗುಳಿಗಿ ಮುಗದಾವ್ರಿ, ತಂದಿಡ್ರಿ" ಅಂತ ಖಾಲಿ ಗುಳಿಗೆ ಚೀಟಿ ನನ್ನ ಕೈಗೆ ಕೊಟ್ಟರು. ಅಷ್ಟೇ. ಬೈಯಲಿಲ್ಲ, ಇಷ್ಟು ದಿನ ಎಲ್ಲಿದ್ರಿ ಅಂತ ಕೇಳಲಿಲ್ಲ. ನಾನು ಒಂದು ಕೈಯಲ್ಲಿ ಮದುವೆ ಕಾರ್ಡು, ಇನ್ನೊಂದು ಕೈಯಲ್ಲಿ ಖಾಲಿ ಚೀಟಿ ಹಿಡಿದು ಔಷಧಿ ಅಂಗಡಿ ಹುಡುಕಿಕೊಂಡು ಹೋದೆ. ಉಳಿದ ಎರಡು ಕಾರ್ಡು ಅವತ್ತು ಕೊಡಲೇ ಇಲ್ಲ.

ಆ ಭಾನುವಾರ ಆರಾಧನೆ ಮುಗಿದ ಮೇಲೆ ಕಮಿಟಿ ಕೂತಾಗ ನಾನು ಕೂಗಾಡಿದೆ. ನಾವೆಂಥ ಸಭೆ, ನಾವೆಂಥ ವಿಶ್ವಾಸಿಗಳು, ಇತ್ಯಾದಿ. ನನಗೆ ಭಾಷಣ ಚೆನ್ನಾಗಿ ಬರುತ್ತೆ. ಒಬ್ಬ ಹಿರಿಯರು, ಕಾಕಾ ಅಂತಲೇ ಎಲ್ಲರೂ ಕರೆಯೋದು, ಪೂರ್ತಿ ಕೇಳಿ ಆಮೇಲೆ ಒಂದೇ ಮಾತು ಕೇಳಿದರು: "ಅಲ್ಲೋ, ಮೂರು ವಾರ ನೀ ಯಾಕ ಹೋಗಲಿಲ್ಲ?"

ಯಾರಾದರೂ ಹೋಗಿರ್ತಾರೆ ಅಂದುಕೊಂಡಿದ್ದೆ ಅಂತ ಹೇಳಿದೆ. ಮೇಜಿನ ಸುತ್ತ ಕೂತ ಎಲ್ಲರೂ ತಲೆ ಆಡಿಸಿದರು, ಯಾಕಂದ್ರೆ ಎಲ್ಲರೂ ಅದನ್ನೇ ಅಂದುಕೊಂಡಿದ್ದರು. ಪಾಸ್ಟರ್ ಹೋಗಿರ್ತಾರೆ ಅಂತ ನಾವು. ಮಹಿಳಾ ಸಂಘದವರು ಹೋಗಿರ್ತಾರೆ ಅಂತ ಪಾಸ್ಟರ್. ಹತ್ತಿರದ ಮನೆಯವರು ಯಾರಾದರೂ ನೋಡಿಕೊಳ್ತಿರ್ತಾರೆ ಅಂತ ಮಹಿಳಾ ಸಂಘದವರು. ಆ ಕೊನೆಯ ಊಹೆ ಮಾತ್ರ ಸರಿಯಾಗಿತ್ತು, ಆದರೆ ಆ ಹತ್ತಿರದವರು ನಮ್ಮವರಾಗಿರಲಿಲ್ಲ.

ನಮ್ಮ ಪಾಸ್ಟರನ್ನು ದೂರೋಕೆ ನನಗೆ ಬಾಯಿ ಬರಲ್ಲ. ಮೂರು ಊರಿನ ಸಭೆ ಅವರ ತಲೆ ಮೇಲಿದೆ, ಓಡಾಡೋಕೆ ಒಂದು ಹಳೆ ಬೈಕು. ಬೈಬಲಿನಲ್ಲಿ ಮೋಶೆಯ ಕಥೆ ಇದೆಯಲ್ಲ, ಬೆಳಗಿನಿಂದ ಸಂಜೆವರೆಗೆ ಒಬ್ಬನೇ ಕೂತು ಜನರ ವ್ಯಾಜ್ಯ ಕೇಳ್ತಾ ಇರ್ತಾನೆ, ಅವನ ಮಾವ ಬಂದು ನೋಡಿ, ಅಳಿಯಂದಿರೇ ನೀವು ಮಾಡ್ತಿರೋದು ಸರಿಯಿಲ್ಲ, ನೀವೂ ಸವೆದು ಹೋಗ್ತೀರಿ, ಜನರೂ ಸವೆದು ಹೋಗ್ತಾರೆ ಅಂತಾನೆ. ವಿಮೋಚನಕಾಂಡದ 18ನೇ ಅಧ್ಯಾಯ. ಸಾವಿರಕ್ಕೊಬ್ಬ, ನೂರಕ್ಕೊಬ್ಬ, ಐವತ್ತಕ್ಕೊಬ್ಬ, ಹತ್ತಕ್ಕೊಬ್ಬ ಅಂತ ನೇಮಿಸು ಅನ್ನೋದು ಮಾವನ ಸಲಹೆ. ಮೋಶೆ ಹಾಗೇ ಮಾಡಿದ. ಮಾವನ ಮಾತು ಕೇಳಿ ಉದ್ಧಾರವಾದ ಅಳಿಯಂದಿರಲ್ಲಿ ಅವನೇ ಮೊದಲನೆಯವನಿರಬೇಕು. ನಾವು ಮಾತ್ರ ಈಗಲೂ ಒಬ್ಬರನ್ನೇ ಕೂರಿಸಿ ಸಾಲು ನಿಲ್ಲುವವರು.

ಇದಕ್ಕೆ ಒಂದು ಹಿನ್ನೆಲೆ ಇದೆ ಅಂತ ನನಗೆ ಅನ್ನಿಸುತ್ತೆ. ನಮ್ಮ ಮನೆತನ ಗುಳೇದಗುಡ್ಡದ್ದು, ನೇಕಾರರು, ಖಣ ನೇಯುತ್ತಿದ್ದವರು. ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನ್ ಅನ್ನೋ ಕ್ರೈಸ್ತ ಸಂಸ್ಥೆಯವರು 1834ರಲ್ಲಿ ಮಂಗಳೂರಿಗೆ ಬಂದು, 1837ರಲ್ಲಿ ಧಾರವಾಡ ಸೇರಿ, 1851ರಲ್ಲಿ ಗುಳೇದಗುಡ್ಡದಲ್ಲಿ ನೆಲೆ ಮಾಡಿದರು. ಆಗ ಸಭೆ ಸೇರಿದವರಿಗೆ ಕುಲದವರ ಮನೆ ಬಾಗಿಲು ಮುಚ್ಚುತ್ತಿತ್ತು. ಹೆಣ್ಣು ಕೊಡೋರಿಲ್ಲ, ನೂಲು ಸಾಲ ಕೊಡೋರಿಲ್ಲ. ಅದಕ್ಕೇ ಮಿಷನ್‌ನವರು ನೇಯ್ಗೆ ಕಾರ್ಖಾನೆ, ಹಂಚಿನ ಕಾರ್ಖಾನೆ ಅಂತ ಅಲ್ಲಲ್ಲಿ ತೆರೆದು ಕೆಲಸ ಕೊಟ್ಟರು, ಶಾಲೆ ಕೊಟ್ಟರು, ಔಷಧಿ ಕೊಟ್ಟರು. ಅದನ್ನು ಸಣ್ಣದು ಅನ್ನೋಕೆ ನಾನ್ಯಾರು, ನಮ್ಮ ಮನೆಯ ಅಕ್ಷರ ಅಲ್ಲಿಂದಲೇ ಬಂದದ್ದು. ಆದರೆ ಅದರ ಜೊತೆಗೆ ಒಂದು ಅಭ್ಯಾಸವೂ ಬಂತು. ಕಷ್ಟ ಬಂದರೆ ಪಕ್ಕಕ್ಕೆ ನೋಡೋದಕ್ಕಿಂತ ಮೇಲಕ್ಕೆ ನೋಡೋದು. ಮೇಲಕ್ಕೆ ಅಂದ್ರೆ ದೇವರ ಕಡೆ ಅಲ್ಲ, ಮಿಷನರಿಗಳ ಬಂಗಲೆಯ ಕಡೆ. 1914ರ ಯುದ್ಧ ಬಂದು ಜರ್ಮನ್ ಮಿಷನರಿಗಳು ಬಿಟ್ಟು ಹೋಗಬೇಕಾಯಿತು, ಮುಂದೆ ದಕ್ಷಿಣ ಭಾರತ ಸಭೆ ಅಂತ ನಮ್ಮದೇ ಸಭೆ ಆಯಿತು. ಅಭ್ಯಾಸ ಹೋಗಲಿಲ್ಲ. ಮೊದಲು ಮಿಷನ್ ನೋಡಿಕೊಳ್ಳುತ್ತೆ ಅಂತಿದ್ದೆವು, ಆಮೇಲೆ ಡಯಾಸಿಸ್, ಅಂದ್ರೆ ಬಿಷಪ್ಪರ ಆಡಳಿತ, ನೋಡಿಕೊಳ್ಳುತ್ತೆ ಅಂದೆವು, ಈಗ ಕಮಿಟಿ ನೋಡಿಕೊಳ್ಳುತ್ತೆ ಅಂತೀವಿ. ನಾನೇ ಕಮಿಟಿಯಲ್ಲಿ ಕೂತುಕೊಂಡು ಕಮಿಟಿ ನೋಡಿಕೊಳ್ಳುತ್ತೆ ಅಂತ ಅಂದುಕೊಂಡಿದ್ದೆ!

ಇನ್ನೊಂದು ಕಾರಣ ಊರಿನದು. ನಮ್ಮ ಬಾಗಲಕೋಟೆ ಈಗ ಒಂದೇ ಊರಲ್ಲ. ಆಲಮಟ್ಟಿ ಆಣೆಕಟ್ಟಿನ ಹಿನ್ನೀರಿಗೆ ಹಳೆ ಊರಿನ ಒಂದು ಭಾಗ ಹೋಯಿತು, ಜನ ನವನಗರಕ್ಕೆ ಬಂದರು. ಒಂದೇ ಓಣಿಯಲ್ಲಿ ಗೋಡೆಗೆ ಗೋಡೆ ಹತ್ತಿ ಇದ್ದವರು ಬೇರೆ ಬೇರೆ ಸೆಕ್ಟರಿಗೆ ಹಂಚಿಹೋದರು. ಓಣಿಯಲ್ಲಿದ್ದಾಗ ಈ ಜವಾಬ್ದಾರಿಗೆಲ್ಲ ಹೆಸರೇ ಬೇಕಿರಲಿಲ್ಲ. ಯಾವ ಮನೆಯಲ್ಲಿ ಬೆಳಿಗ್ಗೆ ರೊಟ್ಟಿ ಬಡಿಯೋ ಸದ್ದು ಕೇಳಲಿಲ್ಲವೋ ಆ ಮನೆಗೆ ಪಕ್ಕದವರು ಹಣಿಕಿ ಹಾಕುತ್ತಿದ್ದರು. ಈಗ ಯಾರ ಮನೆಯ ರೊಟ್ಟಿ ಸದ್ದು ಯಾರಿಗೆ ಕೇಳುತ್ತೆ? ಅರ್ಧ ಮನೆಗಳಲ್ಲಿ ಅಂಗಡಿಯಿಂದ ತಂದ ಖಡಕ್ ರೊಟ್ಟಿ. ಆಯಿಯ ಪಕ್ಕದ ಅಕ್ಕ ಹಳೆ ಊರಿನಲ್ಲೇ ಉಳಿದವರು. ಅವರಿಗೆ ಸದ್ದು ಕೇಳಲಿಲ್ಲ, ಬಂದರು. ಅಷ್ಟು ಸರಳ.

ಹಾಗಂತ ನಮ್ಮ ಜನ ಕಲ್ಲು ಮನಸ್ಸಿನವರಲ್ಲ. 2019ರ ಆಗಸ್ಟಿನಲ್ಲಿ ಮಲಪ್ರಭಾ, ಘಟಪ್ರಭಾ ಉಕ್ಕಿ ಬಾದಾಮಿ, ಮುಧೋಳ ಕಡೆ ಹಳ್ಳಿಗಳು ಮುಳುಗಿದಾಗ ನಮ್ಮ ಸಭೆಯ ಹೆಣ್ಣುಮಕ್ಕಳು ಎರಡು ದಿನ ಕೂತು ರೊಟ್ಟಿ ಬಡಿದರು, ಹುಡುಗರು ಟಂಟಂನಲ್ಲಿ ಹಾಕಿಕೊಂಡು ಹೋದರು, ಯಾರ ಜಾತಿ ಯಾವುದು ಅಂತ ಯಾರೂ ಕೇಳಲಿಲ್ಲ. ಸಾವಿನ ಮನೆಗಂತೂ ನಾವು ಫಸ್ಟ್ ಕ್ಲಾಸ್. ಸುದ್ದಿ ಬಂದ ಒಂದು ಗಂಟೆಯಲ್ಲಿ ಪೆಟ್ಟಿಗೆ ಮಾಡಿಸೋರು ಒಬ್ಬರು, ಕುಣಿ ತೋಡೋರು ನಾಲ್ಕು ಜನ, ಶಾಮಿಯಾನ ಹೇಳೋರು ಒಬ್ಬರು, ಬಂದವರಿಗೆ ಚಹಾ ಕೊಡೋರು, ಆ ಮನೆಯಲ್ಲಿ ಒಲೆ ಹಚ್ಚಬಾರದು ಅಂತ ಪಲ್ಯ ಅನ್ನ ತರೋರು. ಯಾರೂ ಯಾರಿಗೂ ಹೇಳಬೇಕಾಗಿಲ್ಲ. ಸಾವು ಒಂದು ದಿನದ್ದು, ಅಲ್ಲಿ ಏನೇನು ಆಗಬೇಕು ಅನ್ನೋದು ಎಲ್ಲರಿಗೂ ಗೊತ್ತು. ಲಕ್ವಾ ಹೊಡೆದು ಎರಡು ವರ್ಷ ಮಲಗಿದವರ ಮನೆಗೆ ಮೊದಲ ವಾರ ಹಣ್ಣು ತಗೊಂಡು ಹೋಗ್ತೀವಿ, ಎರಡನೇ ತಿಂಗಳು ದಾರಿಯಲ್ಲಿ ಸಿಕ್ಕ ಮಗನನ್ನು ವಿಚಾರಿಸ್ತೀವಿ, ಆಮೇಲೆ ಕುಣಿ ತೋಡೋಕೇ ಹೋಗೋದು.

ಎರಡನೇ ಶತಮಾನದ ಕೊನೆಯಲ್ಲಿ ಉತ್ತರ ಆಫ್ರಿಕಾದ ಕಾರ್ತೇಜಿನಲ್ಲಿದ್ದ ತೆರ್ತುಲಿಯನ್ ಅನ್ನೋರು ಆಗಿನ ಕ್ರೈಸ್ತರ ಬಗ್ಗೆ ಬರೆಯುತ್ತಾ, ತಿಂಗಳಿಗೊಮ್ಮೆ ಯಾರಿಗೆ ಎಷ್ಟು ಸಾಧ್ಯವೋ ಅಷ್ಟು ಹಾಕುತ್ತೇವೆ, ಒತ್ತಾಯ ಇಲ್ಲ ಅಂತಾರೆ. ಆ ದುಡ್ಡು ಬಡವರನ್ನು ಹೂಳೋಕೆ, ತಂದೆತಾಯಿ ಇಲ್ಲದ ಮಕ್ಕಳಿಗೆ, ಮನೆ ಬಿಟ್ಟು ಹೊರಗೆ ಬರಲಾಗದ ಮುದುಕರಿಗೆ, ಜೈಲಿನಲ್ಲಿದ್ದವರಿಗೆ. ಆ ಪಟ್ಟಿಯ ಮೊದಲನೆಯದನ್ನು ನಾವು ಚೆನ್ನಾಗಿ ಮಾಡ್ತೀವಿ. ಮನೆ ಬಿಟ್ಟು ಬರಲಾಗದ ಮುದುಕರ ಹತ್ತಿರ ಬರುವಾಗ ಎಡವುತ್ತೀವಿ.

ಕೂಗಾಡಿ ಮನೆಗೆ ಬಂದ ಮೇಲೆ ರಾತ್ರಿ ಬೈಬಲಿನಲ್ಲಿ ಮೊದಲ ಸಭೆಯ ಕಥೆ ಹೇಳುವ ಅಪೊಸ್ತಲರ ಕೃತ್ಯಗಳು ತೆಗೆದೆ. ಎರಡನೇ ಅಧ್ಯಾಯ, ನಾಲ್ಕನೇ ಅಧ್ಯಾಯ ನಮಗೆ ಬಾಯಿಪಾಠ. ನಂಬಿದವರೆಲ್ಲ ಒಂದಾಗಿದ್ದರು, ಎಲ್ಲವೂ ಎಲ್ಲರಿಗೂ ಸೇರಿತ್ತು, ಬಾರ್ನಬ ಹೊಲ ಮಾರಿ ದುಡ್ಡು ತಂದಿಟ್ಟ. ಇದರ ಮೇಲೆ ನಾನೇ ಎಷ್ಟೋ ಸಲ ಪ್ರಸಂಗ ಮಾಡಿದ್ದೀನಿ. ಆರನೇ ಅಧ್ಯಾಯದ ಮೇಲೆ ಒಂದು ಸಲವೂ ಮಾಡಿಲ್ಲ. ಅಲ್ಲಿ ಏನಾಗುತ್ತೆ ನೋಡಿ. ಅಷ್ಟು ಒಂದಾಗಿದ್ದ ಸಭೆಯಲ್ಲೇ ಗ್ರೀಕ್ ಮಾತಾಡುವ ವಿಧವೆಯರಿಗೆ ದಿನದ ಊಟ ತಪ್ಪುತ್ತಿತ್ತು! ಎಲ್ಲವೂ ಎಲ್ಲರದೂ ಆಗಿತ್ತು, ಆದರೂ ಕೆಲವು ಮುದುಕಿಯರ ತಟ್ಟೆ ಖಾಲಿ. ಯಾರೂ ಬೇಕಂತ ಮಾಡಿದ್ದಲ್ಲ, ಕಣ್ಣಿಗೆ ಬೀಳಲಿಲ್ಲ.

ಸಭೆ ನಡೆಸುತ್ತಿದ್ದ ಯೇಸುವಿನ ಶಿಷ್ಯರು, ಅಂದ್ರೆ ಅಪೊಸ್ತಲರು, ಇನ್ನೂ ಹೆಚ್ಚು ಪ್ರೀತಿಸಿರಿ ಅಂತ ಪ್ರಸಂಗ ಮಾಡಲಿಲ್ಲ. ಎಲ್ಲರೂ ಸೇರಿ ನೋಡಿಕೊಳ್ಳಿ ಅಂತಲೂ ಹೇಳಲಿಲ್ಲ. ಏಳು ಜನರನ್ನು ಆರಿಸಿ ಅಂದರು. ಏಳು ಹೆಸರೂ ಅಲ್ಲಿವೆ: ಸ್ತೆಫನ, ಫಿಲಿಪ್ಪ, ಪ್ರೊಖೋರ, ನಿಕನೋರ, ತಿಮೋನ, ಪರ್ಮೇನ, ನಿಕೊಲಾಯ. ಎಲ್ಲವೂ ಗ್ರೀಕ್ ಹೆಸರುಗಳು. ಅಂದ್ರೆ ಯಾರ ತಟ್ಟೆ ಖಾಲಿ ಇತ್ತೋ ಆ ಕಡೆಯವರ ಕೈಗೇ ಸೌಟು ಕೊಟ್ಟಂತೆ ಕಾಣುತ್ತೆ. ಆ ಪುಟವನ್ನು ನಾನು ಎಷ್ಟೋ ಸಲ ದಾಟಿ ಹೋಗಿದ್ದೆ, ಹೆಸರುಗಳ ಸಾಲು ಬಂದರೆ ಕಣ್ಣು ಜಾರುತ್ತಲ್ಲ, ಹಾಗೆ. ಅವತ್ತು ಆ ಹೆಸರುಗಳೇ ಕಂಡವು. ನಮ್ಮ 70 ಜನರ ಆಮೆನ್‌ನಲ್ಲಿ ಇಲ್ಲದಿದ್ದದ್ದು ಅದೇ. ಒಂದು ಹೆಸರು. ಎಲ್ಲರ ಹೆಗಲ ಮೇಲೂ ಇಟ್ಟ ಹೊರೆ ಯಾರ ಹೆಗಲ ಮೇಲೂ ಕೂತಿರಲಿಲ್ಲ.

ನಮ್ಮ ಅಜ್ಜಿ ಹೇಳುತ್ತಿದ್ದ ಒಂದು ವಿಷಯ ನೆನಪಾಯಿತು. ಮಗ್ಗಕ್ಕೆ ಏರಿಸುವ ಮೊದಲು ಹಾಸನ್ನು, ಅಂದ್ರೆ ಬಟ್ಟೆಯ ಉದ್ದದ ಎಳೆಗಳನ್ನು, ಓಣಿಯುದ್ದಕ್ಕೂ ಎಳೆದು ಕಟ್ಟಿ ಗಂಜಿ ಹಚ್ಚಬೇಕು. ಒಂದು ಮನೆಯವರಿಂದ ಆಗುವ ಕೆಲಸ ಅಲ್ಲ ಅದು, ಅಕ್ಕಪಕ್ಕದವರು ಬಂದು ನಿಲ್ಲುತ್ತಿದ್ದರು. ಬಿಸಿಲು ಏರುವ ಮೊದಲೇ ಮುಗಿಯಬೇಕು, ನಡುವೆ ಎಳೆ ಹರಿದರೆ ಹುಡುಕಿ ಗಂಟು ಹಾಕಬೇಕು. "ಎಳಿ ಯಾರ ಮುಂದ ಹರೀತದೋ ಅವರ ಕಟ್ಟಬೇಕು, ಆ ತುದಿಯಿಂದ ಯಾರೂ ಓಡಿ ಬರೂದಿಲ್ಲ" ಅನ್ನುತ್ತಿದ್ದಳು ಅಜ್ಜಿ. ಎಲ್ಲರೂ ಸೇರಿ ಮಾಡುವ ಕೆಲಸ, ಆದರೆ ಪ್ರತಿಯೊಬ್ಬರಿಗೂ ನಿಲ್ಲೋಕೆ ಒಂದು ಜಾಗ.

ಮುಂದಿನ ಭಾನುವಾರ ನಾನು ಒಂದು ಉದ್ದ ನೋಟ್‌ಬುಕ್ ತಗೊಂಡು ಹೋದೆ. ಸಭೆಯ ಮನೆಗಳನ್ನು ಎಣಿಸಿದರೆ 58. ಎಂಟು ಜನ ಒಪ್ಪಿಕೊಂಡರು, ತಲಾ ಏಳೆಂಟು ಮನೆ. ವಾರಕ್ಕೊಮ್ಮೆ ಹೋಗೋದು ಅಥವಾ ಫೋನ್ ಮಾಡೋದು. ಭಾನುವಾರ ಆರಾಧನೆಗೆ ಮೊದಲು ಹತ್ತು ನಿಮಿಷ ಕೂತು ಯಾರಿಗೆ ಏನು ಬೇಕು ಅಂತ ಹೇಳೋದು. ಇದೇನು ಮಹಾ ಉಪಾಯ ಅಲ್ಲ. ಬೆಳಗಾವಿಯಲ್ಲಿ ಮೆಥಡಿಸ್ಟ್ ಸಭೆಗೆ ಹೋಗುವ ಒಬ್ಬ ಗೆಳೆಯನಿಗೆ ಫೋನಿನಲ್ಲಿ ದೊಡ್ಡದಾಗಿ ಹೇಳಿಕೊಂಡರೆ ಅವನು ನಕ್ಕುಬಿಟ್ಟ. "ಲೇ, ಇದು ನಮ್ಮದು, ಕದ್ದೀಯಲ್ಲೋ" ಅಂದ.

ಅವನು ಹೇಳಿದ ಕಥೆ ನನಗೆ ಬಹಳ ಹಿಡಿಸಿತು. 1742ರ ಫೆಬ್ರವರಿ, ಇಂಗ್ಲೆಂಡಿನ ಬ್ರಿಸ್ಟಲ್. ಮೆಥಡಿಸ್ಟ್ ಪಂಥ ಶುರುಮಾಡಿದ ಜಾನ್ ವೆಸ್ಲಿಯವರ ಮಂದಿ ಕಟ್ಟಿಸಿದ ಪ್ರಾರ್ಥನಾ ಮನೆಯ ಮೇಲೆ ಸಾಲ ಇತ್ತು. ಹೇಗೆ ತೀರಿಸೋದು ಅಂತ ಮಾತು ಬಂದಾಗ ಕ್ಯಾಪ್ಟನ್ ಫಾಯ್ ಅನ್ನೋರು, ತೀರುವವರೆಗೆ ಪ್ರತಿಯೊಬ್ಬರೂ ವಾರಕ್ಕೆ ಒಂದು ಪೆನ್ನಿ ಕೊಡಲಿ ಅಂದರು. ಬಡವರಿಗೆ ಅದೂ ಆಗಲ್ಲ ಅಂತ ಯಾರೋ ಅಂದರು. ಹಾಗಾದರೆ ತೀರಾ ಬಡವರಾದ 11 ಜನರನ್ನು ನನ್ನ ಹೆಸರಿಗೆ ಹಾಕಿ, ವಾರ ವಾರ ಅವರ ಮನೆಗೆ ಹೋಗ್ತೀನಿ, ಕೊಟ್ಟರೆ ಸರಿ, ಕೊಡಲಾಗದವರದ್ದು ನಾನೇ ಹಾಕ್ತೀನಿ, ನೀವೂ ಒಬ್ಬೊಬ್ಬರು 11 ಜನರನ್ನು ತಗೊಳ್ಳಿ ಅಂದರು ಫಾಯ್. ಹೀಗೆ ದುಡ್ಡು ಎತ್ತೋಕೆ ಮನೆ ಮನೆಗೆ ಹೋದವರು ಮನೆಯೊಳಗಿನ ಸ್ಥಿತಿ ನೋಡಿ ಬಂದು ಹೇಳತೊಡಗಿದರು. ಅಲ್ಲೊಬ್ಬ ಕುಡೀತಾನೆ, ಇಲ್ಲೊಂದು ಮನೆಯಲ್ಲಿ ಜಗಳ. ನಾವು ಇಷ್ಟು ದಿನ ಹುಡುಕುತ್ತಿದ್ದದ್ದು ಇದನ್ನೇ ಅಂತ ವೆಸ್ಲಿಯವರಿಗೆ ಹೊಳೆಯಿತು. ಮೆಥಡಿಸ್ಟರ ಕ್ಲಾಸ್ ಮೀಟಿಂಗ್ ಅನ್ನೋ ಸಣ್ಣ ಗುಂಪಿನ ಕೂಟ ಹುಟ್ಟಿದ್ದು ಹಾಗೆ. ಸಾಲ ತೀರಿಸೋಕೆ ಹೋಗಿ ಸಭೆ ಕಟ್ಟಿದರು. ನಾನು ಮದುವೆ ಕಾರ್ಡು ಕೊಡೋಕೆ ಹೋದವನು, ನನಗೆ ಈ ಕಥೆಯಿಂದ ಸ್ವಲ್ಪ ಸಮಾಧಾನ ಆಯಿತು ಅಂತ ಒಪ್ಪಿಕೊಳ್ತೀನಿ.

ಆದರೆ ನೋಟ್‌ಬುಕ್ ತೆರೆದ ಮೇಲೆ ಶುರುವಾದ ತಾಪತ್ರಯಗಳನ್ನು ಹೇಳದಿದ್ದರೆ ಸುಳ್ಳು ಬರೆದಂತಾಗುತ್ತೆ. ಒಬ್ಬರು ಎರಡು ವಾರಕ್ಕೇ ಬಿಟ್ಟರು. ಒಬ್ಬ ಅಕ್ಕಾರು ಹೋದ ಮನೆಯಲ್ಲೆಲ್ಲ ಅಡುಗೆಮನೆವರೆಗೆ ಹೋಗಿ, ಅಲ್ಲಿ ಕಂಡದ್ದನ್ನು ಇನ್ನೊಂದು ಮನೆಯಲ್ಲಿ ಪ್ರಾರ್ಥನೆ ವಿಷಯ ಅಂತ ಹೇಳಿ ಬಂದರು. ನಮ್ಮವರಿಗೆ ಈ ಪ್ರಾರ್ಥನೆ ವಿಷಯ ಅನ್ನೋದು ಎಂಥ ಮುಸುಕು ಅಂತ ಎಲ್ಲರಿಗೂ ಗೊತ್ತು. "ಯಾರಿಗೂ ಹೇಳಬ್ಯಾಡ್ರಿ, ಪ್ರಾರ್ಥನಾದಾಗ ನೆನಸ್ರಿ" ಅಂತ ಶುರುವಾದ ಮಾತು ಸಂಜೆಯೊಳಗೆ ಎಲ್ಲ ಸೆಕ್ಟರ್ ಸುತ್ತಿ ಬರುತ್ತೆ. ನಿಮ್ಮ ತಪ್ಪುಗಳನ್ನು ಒಬ್ಬರಿಗೊಬ್ಬರು ಹೇಳಿಕೊಂಡು ಪ್ರಾರ್ಥಿಸಿ ಅಂತ ಯಾಕೋಬ ಬರೆದದ್ದು ನಿಜ. ಇನ್ನೊಬ್ಬರ ತಪ್ಪನ್ನು ಹೇಳಿಕೊಳ್ಳಿ ಅಂತ ಬರೆದಿಲ್ಲ. ಆ ಅಕ್ಕಾರ ಜೊತೆ ಕೂತು ಮಾತಾಡೋದು ಯಾರು ಅಂತ ಮತ್ತೆ ಮೂರು ವಾರ ಒಬ್ಬರ ಮುಖ ಒಬ್ಬರು ನೋಡಿದೆವು. ಕೊನೆಗೆ ಕಾಕಾ ಹೋದರು.

ಕೆಲವು ಮನೆಗಳಿಗೆ ಸಿಟ್ಟು. ಪಾಸ್ಟರ್ ಬರಲಿಲ್ಲ, ಇವರನ್ನು ಕಳಿಸಿದರು ಅಂತ. ನಮ್ಮ ಮನೆಗೆ ಬಂದವರು ಪಾಸ್ಟರ್ ಆಗಿದ್ದರೆ ಮಾತ್ರ ಅದು ಭೇಟಿ, ಉಳಿದವರು ಬಂದರೆ ಚಹಾಕ್ಕೆ ಬಂದವರು. ನೀವೆಲ್ಲರೂ ಯಾಜಕರು ಅಂತ ಪೇತ್ರನ ಪತ್ರದಲ್ಲಿ ಓದ್ತೀವಿ, ಜರ್ಮನಿಯ ಸುಧಾರಕ ಲೂಥರ್ 1520ರಲ್ಲೇ ಅದನ್ನು ಎತ್ತಿ ಹಿಡಿದರು ಅಂತ ಸಂಡೇ ಸ್ಕೂಲಿನಲ್ಲಿ ಮಕ್ಕಳಿಗೆ ಹೇಳಿಕೊಡ್ತೀವಿ. ಆದರೆ ಎದುರು ಮನೆಯ ಎಲೆಕ್ಟ್ರಿಷಿಯನ್ ಬಂದು ತಲೆ ಮೇಲೆ ಕೈಯಿಟ್ಟು ಪ್ರಾರ್ಥಿಸಿದರೆ ಅದು ಹತ್ತೋದಿಲ್ಲ ಅನ್ನೋ ಭಾವನೆ. ಇದಕ್ಕೆ ನನ್ನ ಹತ್ತಿರ ಮದ್ದಿಲ್ಲ.

ದುಡ್ಡಿನ ವಿಷಯ ಇನ್ನೂ ಕಷ್ಟ. ಔಷಧಿ ಖರ್ಚಿಗೆ ಅಂತ ಒಂದು ಡಬ್ಬಿ ಇಟ್ಟೆವು. ಅದನ್ನು ಒಬ್ಬರೇ ಎಣಿಸೋದು ಬೇಡ, ಇಬ್ಬರು ಎಣಿಸಿ ಸಹಿ ಮಾಡಲಿ ಅಂತ ನಾನು ಅಂದಾಗ, ಮೊದಲಿನಿಂದ ಕಾಣಿಕೆ ಎಣಿಸುತ್ತಿದ್ದ ಹಿರಿಯರ ಮುಖ ಕಪ್ಪಿಟ್ಟಿತು. "ಇಷ್ಟ ವರ್ಷ ಎಣಿಸೀನಿ. ಈಗ ನನ್ನ ಮ್ಯಾಲ ಸಂಶೇ ಏನು?" ಅಂದರು. ಸಂಶಯ ಇರಲಿಲ್ಲ, ದೇವರಾಣೆ ಇರಲಿಲ್ಲ. ಆಗ ನನಗೆ ಸಹಾಯಕ್ಕೆ ಬಂದವನು ಬೈಬಲಿನ ಅಪೊಸ್ತಲ ಪೌಲ. ಯೆರೂಸಲೇಮಿನ ಬಡ ವಿಶ್ವಾಸಿಗಳಿಗೆ ಅಂತ ಅವನು ಊರೂರು ಸುತ್ತಿ ಹಣ ಕೂಡಿಸಿದ. ಮಕೆದೋನ್ಯದವರು ತಾವೇ ಬಡವರಾದರೂ ನಮ್ಮದೂ ತಗೋ ಅಂತ ಬೇಡಿಕೊಂಡು ಕೊಟ್ಟರಂತೆ. ಆ ಹಣವನ್ನು ಪೌಲ ಒಬ್ಬನೇ ಹೊತ್ತುಕೊಂಡು ಹೋಗೋ ಏರ್ಪಾಡು ಮಾಡಲಿಲ್ಲ. ತನ್ನ ಜೊತೆಗಾರ ತೀತನ ಜೊತೆಗೆ ಸಭೆಗಳವರೇ ಆರಿಸಿದ ಸಹೋದರನನ್ನು ಕಳಿಸಿದ. ಯಾರೂ ನಮ್ಮ ಮೇಲೆ ತಪ್ಪು ಹೊರಿಸಬಾರದು, ದೇವರ ಮುಂದೆ ಮಾತ್ರ ಅಲ್ಲ, ಮನುಷ್ಯರ ಮುಂದೆಯೂ ಸರಿಯಿರಬೇಕು ಅನ್ನೋ ಅರ್ಥದಲ್ಲಿ ಬರೆದಿದ್ದಾನೆ, ಕೊರಿಂಥದವರಿಗೆ ಎರಡನೇ ಪತ್ರ, ಎಂಟನೇ ಅಧ್ಯಾಯ. ಆ ಭಾಗ ಓದಿ ತೋರಿಸಿದೆ. ಹಿರಿಯರು ಕನ್ನಡಕ ಹಾಕಿಕೊಂಡು ಎರಡು ಸಲ ಓದಿ, "ಪೌಲಗ ಬ್ಯಾಡಾದ ಸಂಶೇ ನನಗ್ಯಾಕ" ಅಂದು ಪೆನ್ನು ತಗೊಂಡರು. ಈಗ ಎರಡನೇ ಸಹಿ ಇಲ್ಲದಿದ್ದರೆ ಅವರೇ ಬಿಡಲ್ಲ.

ಮುಯ್ಯಾಳಿನ ಲೆಕ್ಕವೂ ನಡುವೆ ಬಂತು. ನಮ್ಮ ಕಡೆ ಹೊಲದ ಕೆಲಸಕ್ಕೆ ಇವತ್ತು ನಾನು ನಿನ್ನ ಹೊಲಕ್ಕೆ ಬಂದರೆ ನಾಳೆ ನೀನು ನನ್ನ ಹೊಲಕ್ಕೆ. ಒಳ್ಳೆ ಪದ್ಧತಿ, ನಾನು ಅದನ್ನು ಕೀಳು ಅನ್ನಲ್ಲ, ಎಷ್ಟೋ ಹೊಲ ಅದರಿಂದಲೇ ಬೆಳೆದಿವೆ. ಆದರೆ ಆ ಲೆಕ್ಕದಲ್ಲಿ ಹೊಲ ಇಲ್ಲದವನಿಗೆ ಜಾಗ ಇಲ್ಲ. ನಮ್ಮ ಎಂಟು ಜನರಲ್ಲಿ ಒಬ್ಬರು, "ಅವರ ಮನ್ಯಾಗ ಯಾರೂ ನಮ್ಮ ಮನೀಗೆ ಬರೂದಿಲ್ಲ, ನಾ ಯಾಕ ಹೋಗಲಿ" ಅಂದರು. ಆಯಿ ಯಾರ ಮನೆಗೆ ಹೋಗಬಲ್ಲರು, ಹೇಳಿ?

ಇನ್ನೊಂದು ಮನೆಯ ವಿಷಯದಲ್ಲಿ ನಾವು ಇವತ್ತಿಗೂ ಒಂದು ನಿರ್ಧಾರಕ್ಕೆ ಬಂದಿಲ್ಲ. ಆಟೋ ಓಡಿಸುವ ಒಬ್ಬ ಸಹೋದರ, ಫೈನಾನ್ಸಿನ ಕಂತು ಕಟ್ಟೋಕೆ ಆಗ್ತಿಲ್ಲ ಅಂದ. ಎರಡು ಸಲ ಡಬ್ಬಿಯಿಂದ ಕೊಟ್ಟೆವು. ಮೂರನೇ ಸಲ ಕೇಳೋಕೆ ಬಂದಾಗ ಬಾಯಿ ವಾಸನೆ ಹೊಡೆಯುತ್ತಿತ್ತು. ಗಲಾತ್ಯದವರಿಗೆ ಬರೆದ ಪತ್ರದ ಆರನೇ ಅಧ್ಯಾಯದಲ್ಲಿ ಎರಡನೇ ವಚನ ಒಬ್ಬರ ಭಾರ ಒಬ್ಬರು ಹೊರಿ ಅನ್ನುತ್ತೆ. ಮೂರೇ ವಚನ ಕೆಳಗೆ, ಐದನೆಯದು, ಪ್ರತಿಯೊಬ್ಬನೂ ತನ್ನ ಹೊರೆ ತಾನೇ ಹೊರಬೇಕು ಅನ್ನುತ್ತೆ. ಪೌಲ ಅಷ್ಟರಲ್ಲೇ ಮರೆತನಾ? ಮೂಲ ಗ್ರೀಕಿನಲ್ಲಿ ಎರಡೂ ಬೇರೆ ಬೇರೆ ಪದ. ಮೊದಲನೆಯದು ಬಾರೊಸ್, ಮನುಷ್ಯನನ್ನು ಅಮುಕಿಬಿಡುವ ಭಾರ. ಎರಡನೆಯದು ಫೋರ್ಟಿಯೋನ್, ಪ್ರಯಾಣಕ್ಕೆ ಹೊರಟವನ ಬೆನ್ನಿನ ಗಂಟು. ಕೇಳೋಕೆ ಸ್ಪಷ್ಟ. ಆದರೆ ಆಟೋದ ಕಂತು ಯಾವುದು, ಅಮುಕುವ ಭಾರವೋ, ಅವನ ಗಂಟೋ? ಕುಡಿತ ಯಾವುದು? ಅವನ ಹೆಂಡತಿಗೆ ಯಾವುದು, ಮಕ್ಕಳಿಗೆ ಯಾವುದು? ಅವತ್ತು ಒಬ್ಬರು, ದುಡಿಯದವನು ಉಣ್ಣಬಾರದು ಅಂತ ಥೆಸಲೋನಿಕದವರ ಪತ್ರ ಎತ್ತಿದರು. ಇನ್ನೊಬ್ಬರು, ಚಳಿಯಲ್ಲಿ ನಿಂತವನಿಗೆ ಹೋಗಿ ಬೆಚ್ಚಗಿರು ಅಂತ ಬರೀ ಬಾಯಲ್ಲಿ ಹೇಳಿದರೆ ಏನು ಪ್ರಯೋಜನ ಅಂತ ಯಾಕೋಬನ ಪತ್ರ ಎತ್ತಿದರು. ವಚನಕ್ಕೆ ವಚನ ಡಿಕ್ಕಿ. ಕಡೆಗೆ ಕಂತು ಕೊಡಲಿಲ್ಲ, ಮಕ್ಕಳ ಶಾಲೆ ಫೀ ನೇರವಾಗಿ ಕಟ್ಟಿದೆವು. ಅವನಿಗೆ ಅವಮಾನ ಆಯಿತು. ಎರಡು ತಿಂಗಳಿಂದ ಆರಾಧನೆಗೆ ಬರುತ್ತಿಲ್ಲ. ನಾವು ಮಾಡಿದ್ದು ಸರಿಯೋ ತಪ್ಪೋ ನನಗೆ ತಿಳಿಯದು. ಅವನ ಮನೆ ನನ್ನ ಪಟ್ಟಿಯಲ್ಲಿದೆ, ಅದು ಮಾತ್ರ ತಿಳಿದಿದೆ.

ನನ್ನ ಮನೆ ಯಾರ ಪಟ್ಟಿಯಲ್ಲಿ ಅಂತ ಕೇಳಬೇಡಿ. ಕೇಳಿದರೂ ಹೇಳಲೇಬೇಕು ಬಿಡಿ. ಕ್ವಾಯರ್, ಅಂದ್ರೆ ಸಭೆಯ ಹಾಡುವ ತಂಡದ ವಿಷಯಕ್ಕೆ ಆರು ವರ್ಷದ ಹಿಂದೆ ನನ್ನ ಜೊತೆ ಜಗಳ ಆಡಿ ಮಾತು ಬಿಟ್ಟಿದ್ದ ಒಬ್ಬರ ಪಟ್ಟಿಯಲ್ಲಿ. ಚೀಟಿ ಎತ್ತಿ ಹಂಚಿದ್ದು, ಯಾರ ಕೈವಾಡವೂ ಇಲ್ಲ. ಮೊದಲ ವಾರ ಬಂದರು, ಕುರ್ಚಿ ತುದಿಯಲ್ಲಿ ಕೂತರು, ನೀರು ಕುಡಿದರು, "ಏನರ ಬೇಕೇನ್ರಿ?" ಅಂದರು. "ಏನೂ ಬ್ಯಾಡ್ರಿ" ಅಂದೆ. ಎದ್ದು ಹೋದರು. ಹೀಗೇ ಐದಾರು ವಾರ. ಇನ್ನೊಬ್ಬರ ಮನೆಗೆ ಹೋಗಿ ಸಾಂತ್ವನ ಹೇಳೋದು ಸುಲಭ. ನಮ್ಮ ಮನೆಗೆ ಬಂದವರ ಮುಂದೆ ಬೇಕು ಅನ್ನೋದು ಬಹಳ ಕಷ್ಟ. ಮಳೆಗಾಲದಲ್ಲಿ ಅವ್ವ ಬಚ್ಚಲಲ್ಲಿ ಜಾರಿ ಬಿದ್ದು ತೊಡೆ ಮೂಳೆ ಮುರಿದುಕೊಂಡಳು. ಆಸ್ಪತ್ರೆಯಲ್ಲಿ ಒಂಬತ್ತು ರಾತ್ರಿ. ಮೂರನೇ ರಾತ್ರಿ ನನಗೆ ನಿಲ್ಲೋಕೇ ಆಗಲಿಲ್ಲ. ಅವರು ಚಾದರ ಕಂಕುಳಲ್ಲಿ ಇಟ್ಟುಕೊಂಡು ಬಂದರು. "ನೀವು ಮನೀಗೆ ಹೋಗ್ರಿ" ಅಂದರು. ಹೋದೆ. ವಾರ್ಡಿನ ನೆಲದ ಮೇಲೆ ಅವರು ಎಷ್ಟು ರಾತ್ರಿ ಮಲಗಿದರು ಅಂತ ನಾನು ಲೆಕ್ಕ ಇಟ್ಟಿಲ್ಲ. ಅವ್ವ ಇಟ್ಟಿದ್ದಾಳೆ, ನಾಲ್ಕು ಅಂತಾಳೆ. ಕ್ವಾಯರಿನ ವಿಷಯ ನಾವಿಬ್ಬರೂ ಇನ್ನೂ ಎತ್ತಿಲ್ಲ. ಆ ಜಗಳದಲ್ಲಿ ಸರಿಯಿದ್ದವನು ನಾನೇ ಅಂತ ಈಗಲೂ ನನಗೆ ಅನ್ನಿಸುತ್ತೆ, ಆದರೆ ಅವರ ಮುಂದೆ ಅನ್ನೋಕಾಗಲ್ಲ.

ಆಯಿ ಈಗ ಗೋಡೆ ಹಿಡಿದು ಓಡಾಡುತ್ತಾರೆ. ತುರುಬು ಮತ್ತೆ ಸರಿಯಾಗಿದೆ. ಹೋದ ತಿಂಗಳು ನಾನು ಹೋದಾಗ ಆ ನೋಟ್‌ಬುಕ್ ಬಗ್ಗೆ ಕೇಳಿದರು. ಹೇಳಿದೆ. ಕೇಳಿಸಿಕೊಂಡು, "ನನಗೂ ನಾಕ ಮನಿ ಬರಿ" ಅಂದರು. "ಆಯಿ, ನೀವೆಲ್ಲಿ ಅಡ್ಡಾಡ್ತೀರಿ?" ಅಂದೆ. "ಫೋನ್ ಐತಲ್ಲ. ಮಗ ತಿಂಗಳ ತಿಂಗಳ ದುಡ್ಡು ಹಾಕಸ್ತಾನ, ಅದು ಸುಮ್ನೆ ಹೊಕ್ಕತಿ." ನಾಲ್ಕು ಮನೆ ಬರೆದೆ. ಐದನೆಯದಾಗಿ ಪಕ್ಕದ ಅಕ್ಕನ ಮನೆಯನ್ನೂ ಬರೆಸಿದರು. ಅವರು ನಮ್ಮ ಸಭೆಯವರಲ್ಲವಲ್ಲ ಅಂದೆ. "ಬರಿ ಅಂದ್ರ ಬರಿ" ಅಂದರು. ಬರೆದೆ.

ಅದರಿಂದ ಆದ ತೊಂದರೆ ಏನಂದ್ರೆ, ಆಯಿ ಈಗ ತಮ್ಮ ಪಟ್ಟಿಯವರಿಗೆ ಮಾತ್ರ ಅಲ್ಲ, ನನಗೂ ಫೋನ್ ಮಾಡುತ್ತಾರೆ. ನಿನ್ನೆ ಸಂಜೆ ಮಾಡಿದ್ದರು. "ಆ ಆಟೋದವನ ಮನೀಗೆ ಹೋಗಿದ್ದೇನು?" ಅಂದರು. ಇಲ್ಲ ಅಂದೆ. ಆ ಕಡೆಯಿಂದ ಏನೂ ಮಾತಿಲ್ಲ, ಫೋನ್ ಇಟ್ಟರಾ ಅಂತ ನೋಡಿದರೆ ಇಟ್ಟಿಲ್ಲ. ನಾಳೆ ಹೋಗ್ತೀನಿ ಆಯಿ ಅಂದೆ. ಆಮೇಲೆ ಇಟ್ಟರು.

ಅವನ ಮನೆ ವಿದ್ಯಾಗಿರಿ ಕಡೆ. ಏನು ಮಾತಾಡಬೇಕು ಅಂತ ಬೆಳಿಗ್ಗೆಯಿಂದ ಯೋಚಿಸ್ತಿದ್ದೀನಿ, ಏನೂ ಹೊಳೆದಿಲ್ಲ. ಬಿಸಿಲು ಇಳಿದ ಮೇಲೆ ಹೊರಡಬೇಕು.